ದನದ ಡಾಕ್ಟರು ದಿಲ್ಲಿಗೆ ಹೋಗಬೇಕು

ಉತ್ತರ ಪ್ರದೇಶದ ಮಾಜಿ ಸಂಸದ ಸಂಜೀವ್ ಬಾಲ್ಯಾನ್ ಬಗ್ಗೆ ಓದಿ ಖುಷಿಯಾಯ್ತು. ಹಿಸಾರ್‌ನಲ್ಲಿ ಪಶುವೈದ್ಯ ಓದಿ, 2014ರಲ್ಲಿ ಮುಜಫ್ಫರ್‌ನಗರದಿಂದ ಲೋಕಸಭೆಗೆ ಗೆದ್ದು, ಮುಂದೆ ಕೇಂದ್ರದಲ್ಲಿ ಪಶುಸಂಗೋಪನೆ ಖಾತೆಗೇ ರಾಜ್ಯ ಸಚಿವರಾದರು. 2024ರಲ್ಲಿ ಸೋತರು, ಅದು ಬೇರೆ ಮಾತು. ದನದ ಮೈ ಮುಟ್ಟಿ ನೋಡಿದವರು ಆ ಕುರ್ಚಿಯಲ್ಲಿ ಕೂತಿದ್ದರಲ್ಲ, ನನಗೆ ಅದೇ ದೊಡ್ಡದು.

ನಾನು ಬೀದರ್ ಕಡೆಯವನು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ದೇವಣಿ ತಳಿಯ ಆಕಳಿಗೆ ಮೈತುಂಬಾ ಗಂಟು. ಮೂರು ದಿನ ಮೇವು ಮುಟ್ಟಲಿಲ್ಲ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಡಾಕ್ಟರೇ ಇರಲಿಲ್ಲ. ಅವ್ವ ಬೇವಿನೆಲೆ ಕುದಿಸಿ, ಆ ನೀರಿನಿಂದ ಗಾಯ ತೊಳೆಯುತ್ತಾ ಕೊಟ್ಟಿಗೆಯಲ್ಲೇ ಕೂತಿದ್ದಳು. ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯ ಇರೋದು ನಮ್ಮ ಬೀದರ್‌ನ ನಂದಿನಗರದಲ್ಲೇ. ಅಲ್ಲಿ ಓದಿದವರಲ್ಲಿ ಒಬ್ಬರಾದರೂ ಪಾರ್ಲಿಮೆಂಟಿಗೆ ಹೋಗಬೇಕು. ಲಸಿಕೆ ರೋಗಕ್ಕಿಂತ ಮೊದಲೇ ಹಳ್ಳಿಗೆ ಬರಲಿ ಅಂತ ಅವರು ಅಲ್ಲಿ ಕೇಳಬೇಕು.