ಆ ಮನೆಯಮ್ಮ ನನ್ನನ್ನು ಅವರ ಮಾತಲ್ಲೇ ಬೈದ ದಿನ

ಅಕ್ಕನ ಮಗಳು ಈ ಆಗಸ್ಟಿಗೆ ಸ್ವಿಟ್ಜರ್‌ಲೆಂಡಿಗೆ ಹೊರಟಿದ್ದಾಳೆ. ಹತ್ತು ತಿಂಗಳು ಜರ್ಮನ್ ಮಾತಾಡುವ ಕಡೆಯ ಒಂದು ಮನೆಯಲ್ಲಿ ಇದ್ದು, ಅಲ್ಲಿನ ಹೈಸ್ಕೂಲಿಗೆ ಹೋಗುತ್ತಾಳೆ. ಹೋದ ವಾರ ಹುಬ್ಬಳ್ಳಿಯಲ್ಲಿ ಎಲ್ಲರೂ ಸೇರಿದ್ದೆವು. ಮಾತೆಲ್ಲ ಸುತ್ತಿ ಬಂದದ್ದು ಮೂರೇ ವಿಷಯಕ್ಕೆ. ಯಾವ್ಯಾವ ದೇಶ ನೋಡಬಹುದು, ಜರ್ಮನ್‌ನಲ್ಲಿ ಯಾವ ಲೆವೆಲ್ ಸರ್ಟಿಫಿಕೇಟ್ ಸಿಗುತ್ತದೆ, ಓದಿನ ಒಂದು ವರ್ಷ ಹಾಳಾಗುವುದಿಲ್ವಾ. ಅಷ್ಟು ಜನರ ಮಧ್ಯೆ ನನಗೆ ಹೇಳಬೇಕಾದ್ದು ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಹೀಗೆ ಕಳಿಸಬೇಕು ಅಂತಿರುವ ಅಪ್ಪ ಅಮ್ಮಂದಿರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ನಾನು ಹೋದದ್ದು 2012ರಲ್ಲಿ. ಆಗ ನನಗೆ 16. ಸ್ವಿಟ್ಜರ್‌ಲೆಂಡಿನ ಪೂರ್ವಕ್ಕೆ ಅಪ್ಪೆನ್‌ಸೆಲ್ ಔಸರ್‌ರೋಡನ್ ಅಂತ ಒಂದು ಪುಟ್ಟ ಪ್ರಾಂತ್ಯ ಇದೆ. ಅಲ್ಲಿ ಟ್ರೋಗನ್ ಊರಿನ ಹತ್ತಿರದ ಒಂದು ಹಳ್ಳಿ. ಹಸಿರು ಗುಡ್ಡ, ಗುಡ್ಡಕ್ಕೊಂದು ಮರದ ಮನೆ. ಒಂದು ಕಡೆ 2,502 ಮೀಟರ್ ಎತ್ತರದ ಸೆಂಟಿಸ್ ಬೆಟ್ಟ, ಇನ್ನೊಂದು ಕಡೆ ಕೆಳಗೆ ದೂರದಲ್ಲಿ ಬೋಡನ್ ಸರೋವರ. ಸೇಂಟ್ ಗ್ಯಾಲನ್ ಪೇಟೆಯಿಂದ ಚಿಕ್ಕ ರೈಲು ಗುಡ್ಡ ಹತ್ತಿಕೊಂಡು ಬರುತ್ತದೆ. ನೋಡಲು ಕ್ಯಾಲೆಂಡರ್ ಚಿತ್ರವೇ. ಆದರೆ ಚಿತ್ರವನ್ನು ಎಷ್ಟು ದಿನ ನೋಡುತ್ತೀರಿ? ಒಂದು ವಾರ. ಆಮೇಲೆ ಉಳಿಯುವುದು ಅಡುಗೆಮನೆ, ಸ್ಕೂಲು, ಬಟ್ಟೆ ಒಗೆಯುವ ಸರದಿ, ಊಟದ ಮೇಜಿನ ಮಾತು.

ಆ ಮೇಜಿನ ಮಾತೇ ನನಗೆ ತಿಳಿಯುತ್ತಿರಲಿಲ್ಲ.

ನಾನು ಹೋಗುವ ಮುಂಚೆ ಬೆಂಗಳೂರಿನಲ್ಲಿ ಆರು ತಿಂಗಳು ಜರ್ಮನ್ ಕಲಿತಿದ್ದೆ. ಚೆನ್ನಾಗಿಯೇ ಕಲಿತಿದ್ದೆ. ಆದರೆ ಅದು ಪುಸ್ತಕದ ಜರ್ಮನ್, ಅವರು 'ಹೊಖ್‌ಡಾಯ್ಚ್' ಅನ್ನುವುದು. ಸ್ವಿಟ್ಜರ್‌ಲೆಂಡಿನಲ್ಲಿ ಅದು ಬರೆಯುವ ಭಾಷೆ, ಪಾಠದ ಭಾಷೆ, ಟಿವಿ ವಾರ್ತೆಯ ಭಾಷೆ. ಬಾಯಲ್ಲಿ ಆಡುವುದು ಬೇರೆಯದೇ. ಊರೂರಿಗೆ ಬೇರೆ. ನನ್ನನ್ನು ಕಳಿಸಿದ ಸಂಸ್ಥೆಯವರು ಎರಡು ದಿನ ತರಬೇತಿ ಕೊಟ್ಟರು, ಇದರ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಮೊದಲ ರಾತ್ರಿ ಮನೆಯವರು ತಮ್ಮತಮ್ಮಲ್ಲಿ ಮಾತಾಡಿದ್ದು ಕೇಳಿ, ಇದು ಜರ್ಮನ್ ಹೌದೋ ಅಲ್ಲವೋ ಅಂತ ಗಾಬರಿಯಾಗಿತ್ತು.

ಸ್ಕೂಲಿನಲ್ಲೂ ಇದೇ. ಮೇಷ್ಟ್ರು ಪಾಠ ಮಾಡುವಾಗ ಹೊಖ್‌ಡಾಯ್ಚ್. ಬೆಲ್ಲು ಹೊಡೆದ ಕೂಡಲೇ ಅದೇ ಮೇಷ್ಟ್ರು, ಅದೇ ಹುಡುಗರು ಆಡುಮಾತಿಗೆ ಇಳಿಯುತ್ತಿದ್ದರು. ನನ್ನ ಕಡೆ ತಿರುಗಿದಾಗ ಮಾತ್ರ ಪಾಪ, ನಿಧಾನವಾಗಿ, ಬಿಡಿಸಿ ಬಿಡಿಸಿ ಪುಸ್ತಕದ ಜರ್ಮನ್. ಅವರು ಮಾಡುತ್ತಿದ್ದುದು ಒಳ್ಳೆಯ ಮನಸ್ಸಿನಿಂದಲೇ. ಆದರೆ ಹಾಗೆ ಮಾತಾಡಿದಷ್ಟು ಹೊತ್ತೂ ನಾನು ನೆಂಟಳು. ಅವರಿಗೂ ಆ ಭಾಷೆ ಇಸ್ತ್ರಿ ಹಾಕಿದ ಅಂಗಿಯ ಹಾಗೆ ಬಿಗಿ. ತಮಾಷೆ ಬರುತ್ತಿರಲಿಲ್ಲ, ಕೋಪ ಬರುತ್ತಿರಲಿಲ್ಲ.

ನವೆಂಬರ್ ಬಂತು. ಮಂಜು ಕವಿದು, ಐದು ಗಂಟೆಗೆಲ್ಲ ಕತ್ತಲು. ಆಗ ಊರಿನ ನೆನಪು ಹೇಗೆ ಹಿಂಡಿತು ಅಂತ ಹೇಳಲಾರೆ. ಜರ್ಮನ್‌ನಲ್ಲಿ ಅದಕ್ಕೆ 'ಹೈಮ್‌ವೇ' ಅನ್ನುತ್ತಾರೆ, ಮನೆಯ ನೋವು. ಅದನ್ನು ಕಾಯಿಲೆ ಅಂತ ಮೊದಲು ಬರೆದದ್ದೇ ಸ್ವಿಟ್ಜರ್‌ಲೆಂಡಿನಲ್ಲಿ. 1688ರಲ್ಲಿ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಅನ್ನುವ ವೈದ್ಯಕೀಯ ವಿದ್ಯಾರ್ಥಿ ಅದರ ಮೇಲೇ ಪ್ರಬಂಧ ಬರೆದ. ಈಗ ನಾವೆಲ್ಲ ಬಳಸುವ 'ನೊಸ್ಟಾಲ್ಜಿಯಾ' ಅನ್ನುವ ಪದ ಕಟ್ಟಿದವನೂ ಅವನೇ. ಇದನ್ನು ಹೇಳಿದ್ದು ನಮ್ಮ ಇತಿಹಾಸದ ಮೇಡಂ, ನಾನು ಕ್ಲಾಸಿನಲ್ಲಿ ಅತ್ತ ದಿನ. 'ಇದು ನಮ್ಮ ಊರಿನ ಕಾಯಿಲೆಯೇ, ನಾಚಿಕೊಳ್ಳಬೇಡ' ಅಂದರು.

ಆ ವಾರ ಒಂದು ರಾತ್ರಿ ಊಟಕ್ಕೆ ಕೂತಾಗ ಧೈರ್ಯ ಮಾಡಿ ಕೇಳಿದೆ. ಇನ್ನು ಮೇಲೆ ನನ್ನ ಜೊತೆ ನಿಮ್ಮ ಮಾತಲ್ಲೇ ಮಾತಾಡಿ, ತಿಳಿಯದಿದ್ದರೂ ಪರವಾಗಿಲ್ಲ. ಮನೆಯಮ್ಮ ಚಮಚ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ತಕ್ಷಣ ಶುರು ಮಾಡಿಬಿಟ್ಟರು. ಒಂದು ತಿಂಗಳು ತಲೆ ಸಿಡಿಯುತ್ತಿತ್ತು, ರಾತ್ರಿ ಒಂಬತ್ತಕ್ಕೆಲ್ಲ ನಿದ್ದೆ. ಮಧ್ಯೆ ಅಜ್ಜಿ 'ಖುಖಿಖೆಷ್ಟ್ಲಿ' ಅನ್ನು ನೋಡೋಣ ಅಂತ ಹಿಡಿದು ಕೂರಿಸುತ್ತಿದ್ದರು. ಅಡುಗೆಮನೆಯ ಪುಟ್ಟ ಕಪಾಟು ಅಂತ ಅರ್ಥ. ಹೊರಗಿನಿಂದ ಬಂದವರಿಗೆಲ್ಲ ಅಲ್ಲಿ ಇದೇ ಮೊದಲ ಪರೀಕ್ಷೆ.

ಮಾತು ಒಳಗೆ ಇಳಿದದ್ದು ತಿನ್ನುವ ಹೊತ್ತುಗಳಿಂದ. ಒಂಬತ್ತು ಗಂಟೆಯ ತಿಂಡಿಗೆ 'ತ್ಸ್‌ನ್ಯೂನಿ', ನಾಲ್ಕು ಗಂಟೆಯದಕ್ಕೆ 'ತ್ಸ್‌ಫಿಯೆರಿ'. ಒಂಬತ್ತು, ನಾಲ್ಕು ಅನ್ನುವ ಅಂಕಿಗಳೇ ತಿಂಡಿಯ ಹೆಸರಾಗಿವೆ. ಮಧ್ಯಾಹ್ನ ಚಿಕ್ಕ ಮಕ್ಕಳು ಸ್ಕೂಲಿನಿಂದ ಮನೆಗೇ ಬಂದು ಬಿಸಿ ಊಟ ಮಾಡಿ ಮತ್ತೆ ಹೋಗುತ್ತಾರೆ. ನಾನು ಮಾಂಸ ತಿನ್ನುವುದಿಲ್ಲ. ಅದಕ್ಕೆ ಮನೆಯಲ್ಲಿ ಯಾರೂ ಮುಖ ಗಂಟು ಹಾಕಲಿಲ್ಲ. ಚೀಸ್ ಕರಗಿಸಿದ ಮ್ಯಾಕರೋನಿ, ಪಕ್ಕದಲ್ಲಿ ಬೇಯಿಸಿ ಅರೆದ ಸೇಬು. ಖಾರವಿಲ್ಲದ ಊಟಕ್ಕೆ ಸಿಹಿ ಸೇಬು ಯಾಕೆ ಅಂತ ಮೊದಲು ಅನಿಸಿತ್ತು, ಆಮೇಲೆ ಅದೇ ಇಷ್ಟವಾಯಿತು. ಇನ್ನೊಂದು 'ಗ್ಶ್‌ವೆಲ್ತಿ', ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ. ಬಿಸಿಬಿಸಿ ಸುಲಿದು ಚೀಸ್ ಜೊತೆ ತಿನ್ನುತ್ತಾರೆ. ನಾನು ಅದರ ಮೇಲೆ ಅವ್ವ ಕಳಿಸಿದ್ದ ಶೇಂಗಾ ಚಟ್ನಿಪುಡಿ ಹಾಕಿಕೊಂಡೆ. ಅಜ್ಜಿ ಬೆರಳಲ್ಲಿ ಅದ್ದಿ ರುಚಿ ನೋಡಿದರು. ಮಾರನೇ ವಾರದಿಂದ ಡಬ್ಬಿ ಅವರ ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು.

ಈ ಅಜ್ಜಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅವರಿಗೆ ಪುಸ್ತಕದ ಜರ್ಮನ್ ಬರುತ್ತಿತ್ತು, ಆದರೆ ಅದರಲ್ಲಿ ಅವರು ಹವಾಮಾನ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಆಡುಮಾತು ನನಗೆ ತಿಳಿಯಲು ಶುರುವಾದ ಮೇಲೆ ಆ ಅಜ್ಜಿಯೇ ಬೇರೆ. ಒಂದು ಸಂಜೆ ಆಲೂಗಡ್ಡೆ ಸುಲಿಯುತ್ತಾ ತಾವು ಮೊದಲ ಸಲ ಕೈ ಎತ್ತಿದ ದಿನದ ಕತೆ ಹೇಳಿದರು. ಅಲ್ಲಿ ವರ್ಷಕ್ಕೊಮ್ಮೆ ಊರ ಬಯಲಿನಲ್ಲಿ ಎಲ್ಲರೂ ನಿಂತು ಕೈ ಎತ್ತಿ ಪ್ರಾಂತ್ಯದ ಕಾನೂನಿಗೆ ಮತ ಹಾಕುವ ಪದ್ಧತಿ ಇತ್ತು. 'ಲಾಂಡ್ಸ್‌ಗೆಮೈಂಡೆ' ಅಂತ. ಎಲ್ಲರೂ ಅಂದರೆ ಗಂಡಸರು. ಔಸರ್‌ರೋಡನ್‌ನಲ್ಲಿ ಹೆಂಗಸರಿಗೂ ಆ ಹಕ್ಕು ಕೊಡಲು ಗಂಡಸರು ಒಪ್ಪಿದ್ದು 1989ರಲ್ಲಿ. ಪಕ್ಕದ ಇನ್ನರ್‌ರೋಡನ್‌ನವರು 1990ರಲ್ಲೂ ಒಪ್ಪಲಿಲ್ಲ, ಕೊನೆಗೆ ದೇಶದ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ನಮ್ಮ ಅಜ್ಜಿ ಹುಬ್ಬಳ್ಳಿಯಲ್ಲಿ 1952ರಲ್ಲೇ ವೋಟು ಹಾಕಿದ್ದರು ಅಂತ ನಾನು ಅಂದಾಗ ಈ ಅಜ್ಜಿ ಚಾಕು ಕೆಳಗಿಟ್ಟು, 'ನಿಜವಾ?' ಅಂತ ಎರಡು ಸಲ ಕೇಳಿದರು. ಈ ಕತೆ ಯಾವ ಟೂರ್ ಪ್ಯಾಕೇಜಿನಲ್ಲಿ ಸಿಗುತ್ತದೆ ಹೇಳಿ?

ಕೆಲಸದ ಬಗ್ಗೆಯೂ ಹೇಳಿಬಿಡುತ್ತೇನೆ. ಇಂಥ ಮನೆಯವರು ಸಾಮಾನ್ಯವಾಗಿ ಮಗುವನ್ನು ಇಟ್ಟುಕೊಳ್ಳಲು ದುಡ್ಡು ತೆಗೆದುಕೊಳ್ಳುವುದಿಲ್ಲ. ನಿಮ್ಮ ಮಗಳು ಅಲ್ಲಿ ಪೇಯಿಂಗ್ ಗೆಸ್ಟ್ ಅಲ್ಲ, ಮನೆಯವಳು. ಮನೆಯವಳಾದ ಮೇಲೆ ಕೆಲಸವೂ ಅವಳದೇ. ಆ ಮನೆಯಲ್ಲಿ ನನ್ನ ಪಾಲಿಗೆ ಬಂದದ್ದು ಪೇಪರ್ ಕಟ್ಟುವುದು. ಅಲ್ಲಿ ಕಸಕ್ಕೆ ದುಡ್ಡು ಕೊಟ್ಟು ಚೀಲ ಕೊಳ್ಳಬೇಕು, ಒಂದು ಚೀಲಕ್ಕೆ ಸುಮಾರು 2 ಫ್ರಾಂಕ್. ಹಾಗಾಗಿ ಗಾಜು, ಡಬ್ಬಿ, ಪೇಪರ್ ಯಾರೂ ಅದಕ್ಕೆ ತುಂಬುವುದಿಲ್ಲ. ಹಳೇ ಪೇಪರನ್ನು ಕಟ್ಟು ಕಟ್ಟಿ, ಗೊತ್ತಾದ ದಿನ ಬೆಳಿಗ್ಗೆ ರಸ್ತೆಯ ಬದಿ ಇಡಬೇಕು. ಮೊದಲ ಸಲ ನಾನು ಕಟ್ಟಿದ ಕಟ್ಟು ಎತ್ತಿದ ಕೂಡಲೇ ಬಿಚ್ಚಿಹೋಯಿತು. ಮನೆಯ ಯಜಮಾನರು ಪಕ್ಕದಲ್ಲಿ ಕೂತು ತೋರಿಸಿದರು. ದಾರ ಮೊದಲು ನೆಲದ ಮೇಲೆ ಉದ್ದಕ್ಕೆ. ಅದರ ಮೇಲೆ ಪೇಪರ್, ಮಡಿಕೆಯ ಬದಿ ಒಂದು ಸಲ ಆಚೆ, ಒಂದು ಸಲ ಈಚೆ. ದಾರ ಮೇಲೆ ತಂದು ಹೊರಳಿಸಿ ಅಡ್ಡ ಎಳೆ. ಮಂಡಿಯಿಂದ ಒತ್ತಿ ಗಂಟು ಹಾಕು. ಇಷ್ಟೂ ಅವರು ಹೇಳಿದ್ದು ಆಡುಮಾತಲ್ಲಿ. ಒತ್ತು, ಎಳೆ, ಬಿಗಿ, ಸಡಿಲ. ಈ ಪದಗಳು ನನಗೆ ಕೈಯಿಂದ ಬಂದವು, ಇವತ್ತಿಗೂ ಮರೆತಿಲ್ಲ.

ಮನೆಯ ದೊಡ್ಡ ಹುಡುಗ ನನ್ನದೇ ವಯಸ್ಸು. ಅವನು ಹೈಸ್ಕೂಲಿಗೆ ಹೋಗುತ್ತಿರಲಿಲ್ಲ, ಬಡಗಿ ಕೆಲಸ ಕಲಿಯುತ್ತಿದ್ದ. ಬೆಳಿಗ್ಗೆ ಆರಕ್ಕೆ ಹೊರಟರೆ ಸಂಜೆಯೇ ಮನೆಗೆ. ವಾರಕ್ಕೊಂದು ದಿನ ಕ್ಲಾಸು, ಉಳಿದ ದಿನ ಕೆಲಸ, ತಿಂಗಳಿಗೆ ಸಂಬಳ. ಅಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ಹೀಗೆ ಕಸುಬಿನ ದಾರಿ ಹಿಡಿಯುತ್ತಾರೆ. ಅಪ್ಪ ಎಂಜಿನಿಯರ್, ಮಗ ಬಡಗಿ ಅಂತ ಆ ಮನೆಯಲ್ಲಿ ಯಾರಿಗೂ ಒಂದು ಚೂರೂ ಕೊರಗು ಇರಲಿಲ್ಲ. ಹತ್ತನೇ ಕ್ಲಾಸಿನ ಮಾರ್ಕ್ಸು ಬರುವ ದಿನ ನಮ್ಮ ಮನೆಗಳು ಹೇಗಿರುತ್ತವೆ ಅಂತ ಯೋಚಿಸಿ. ಇದನ್ನು ನೋಡಲಿಕ್ಕಾದರೂ ನಮ್ಮ ಮಕ್ಕಳು ಅಲ್ಲಿಗೆ ಹೋಗಬೇಕು.

ಇನ್ನು ಬೈಗುಳಕ್ಕೆ ಬರುತ್ತೇನೆ. ಜನವರಿ ತಿಂಗಳ ನಡುವೆ. ಆ ಸೀಮೆಯಲ್ಲಿ ಹೊಸ ವರ್ಷ ಎರಡು ಸಲ. ಪೋಪ್ 1582ರಲ್ಲಿ ತಂದ ಹೊಸ ಕ್ಯಾಲೆಂಡರನ್ನು, ಪೋಪ್‌ನ ಮಾತು ಕೇಳದ ಈ ಪ್ರಾಟೆಸ್ಟಂಟ್ ಜನ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಒಪ್ಪಲಿಲ್ಲ. ಆ ಹಳೇ ಲೆಕ್ಕದ ವರ್ಷ ಮುಗಿಯುವಾಗಿನ ಹಬ್ಬ ಇದು. ಕತ್ತಲು ಹರಿಯುವ ಮುಂಚೆ 'ಕ್ಲಾಉಸ್' ವೇಷದವರು ದೊಡ್ಡ ದೊಡ್ಡ ಗಂಟೆ ಕಟ್ಟಿಕೊಂಡು, ತಲೆಯ ಮೇಲೆ ಮರದಲ್ಲಿ ಕೆತ್ತಿದ ಗೊಂಬೆಗಳ ಕಿರೀಟ ಹೊತ್ತು ಮನೆಮನೆಗೆ ಬರುತ್ತಾರೆ. ಅಂಗಳದಲ್ಲಿ ಸುತ್ತುಗಟ್ಟಿ ನಿಂತು 'ತ್ಸೋಯರ್‌ಲಿ' ಹಾಡುತ್ತಾರೆ. ಅದರಲ್ಲಿ ಪದಗಳೇ ಇಲ್ಲ, ಬರೀ ಕಂಠ. ಮಂಜಿನಲ್ಲಿ ಕಾಲು ಹೂತು ನಿಂತು ಕೇಳಿದೆ. ಅಲ್ಲಿ ನನಗೆ ತಿಳಿಯದ್ದು ಅಂತ ಏನೂ ಇರಲಿಲ್ಲ. ಕಣ್ಣಲ್ಲಿ ನೀರು ಬಂತು. ಅದೇ ಗುಂಗಿನಲ್ಲಿ ಮಂಜು ಮೆತ್ತಿದ ಬೂಟು ಹಾಕಿಕೊಂಡೇ ಒಳಗೆ ಬಂದು, ಮೆಟ್ಟಿಲು ಹತ್ತಿ ರೂಮಿಗೆ ಹೋಗಿಬಿಟ್ಟೆ. ಕೆಳಗಿನಿಂದ ಮನೆಯಮ್ಮನ ಕೂಗು. ಬೂಟು ಬಾಗಿಲಲ್ಲಿ ಬಿಚ್ಚು ಅಂತ ಎಷ್ಟು ಸಲ ಹೇಳಬೇಕು, ನಿನ್ನೆ ತಾನೇ ಮೆಟ್ಟಿಲು ಒರೆಸಿದ್ದೆ, ಈಗಲೇ ಬಂದು ಒರೆಸು! ತನ್ನ ಮಕ್ಕಳಿಗೆ ಕೂಗುವ ಅದೇ ದನಿ, ಅದೇ ಮಾತು. ಪುಸ್ತಕದ ಜರ್ಮನ್‌ಗೆ ಬದಲಾಯಿಸುವುದನ್ನು ಅವರು ಮರೆತೇಬಿಟ್ಟಿದ್ದರು. ನಾನು ಬಟ್ಟೆ ತಂದು ಮೆಟ್ಟಿಲು ಒರೆಸಿದೆ. ಆ ಹತ್ತು ನಿಮಿಷದಷ್ಟು ಸಂತೋಷ ನನಗೆ ಆ ವರ್ಷ ಇನ್ನೊಂದು ಸಿಗಲಿಲ್ಲ.

ಆಮೇಲೆ ಅವರನ್ನು ಹೆಸರು ಹಿಡಿದು 'ಡು', ಅಂದರೆ ನೀನು ಅಂತ ಕರೆಯಲು ಬಾಯಿ ಬಂತು. ಅಲ್ಲಿಯವರೆಗೆ ಅವ್ವನ ವಯಸ್ಸಿನವರಿಗೆ ಹಾಗನ್ನಲು ಆಗದೆ, ಏನೂ ಕರೆಯದೆ ಎದುರಿಗೆ ಹೋಗಿ ನಿಂತು ಮಾತಾಡುತ್ತಿದ್ದೆ.

ನನ್ನ ಕ್ಲಾಸಿನಲ್ಲಿ ಒಬ್ಬ ಟಿಬೆಟನ್ ಹುಡುಗಿ ಇದ್ದಳು. ಅಪ್ಪಟ ಅಪ್ಪೆನ್‌ಸೆಲ್ ಮಾತು. ಯುದ್ಧದಲ್ಲಿ ಅನಾಥರಾದ ಮಕ್ಕಳಿಗಾಗಿ 1946ರಲ್ಲಿ ಟ್ರೋಗನ್‌ನಲ್ಲಿ ಪೆಸ್ತಲೋಜಿ ಮಕ್ಕಳ ಹಳ್ಳಿ ಕಟ್ಟಿದರು. 1960ರ ಹೊತ್ತಿಗೆ ಟಿಬೆಟ್‌ನ ಮಕ್ಕಳೂ ಅಲ್ಲಿಗೆ ಬಂದರು. ಅವಳ ಅಜ್ಜ ಹಾಗೆ ಬಂದವರು. ಊರು ಯಾವುದು ಅಂತ ಕೇಳಿದಳು, ಹುಬ್ಬಳ್ಳಿ ಅಂದೆ. 'ಮುಂಡಗೋಡ ಗೊತ್ತಾ? ಅಲ್ಲಿ ನಮ್ಮ ಅತ್ತೆ ಇದ್ದಾರೆ' ಅಂದಳು! ಟಿಬೆಟನ್ನರ ಕ್ಯಾಂಪು ಇರುವ ಊರು ಅದು, ಹುಬ್ಬಳ್ಳಿಯಿಂದ ಒಂದೂವರೆ ತಾಸಿನ ದಾರಿ. ಅವತ್ತೇ ಫೋನ್ ಹಚ್ಚಿಕೊಟ್ಟಳು. ಆ ಕಡೆಯಿಂದ ಅತ್ತೆಯ ದನಿ. 'ಊಟ ಆತೇನವ್ವಾ? ಭಾಳ ಥಂಡಿ ಐತೇನ್ ಅಲ್ಲಿ?'

ನಾನು ಸುಮ್ಮನೆ ನಿಂತುಬಿಟ್ಟೆ. ಯಾಕೆಂದರೆ ಎಂಟನೇ ಕ್ಲಾಸಿಗೆ ಬೆಂಗಳೂರಿನ ಸ್ಕೂಲು ಸೇರಿದಾಗ 'ಹೊಂಟೀನಿ' ಅಂದಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು, ಮೇಡಂ ಕೂಡ. ಅವತ್ತಿನಿಂದ ಆ ಮಾತನ್ನು ನಾನು ಮನೆಯ ಫೋನಿಗೆ ಮಾತ್ರ ಇಟ್ಟುಕೊಂಡಿದ್ದೆ. ಸ್ವಿಟ್ಜರ್‌ಲೆಂಡಿನಲ್ಲಿ ನೋಡಿದರೆ ಡಾಕ್ಟರು, ಬ್ಯಾಂಕಿನವರು, ಪ್ರೊಫೆಸರು ಎಲ್ಲರೂ ತಮ್ಮ ಊರ ಮಾತಲ್ಲೇ ಮಾತಾಡುತ್ತಾರೆ. ಟಿವಿಯಲ್ಲಿ ಹವಾಮಾನ ಹೇಳುವುದೂ ಅದರಲ್ಲೇ. 2011ರಲ್ಲಿ ಜ್ಯೂರಿಕ್ ಪ್ರಾಂತ್ಯದ ಜನ ಶಿಶುವಿಹಾರದಲ್ಲಿ ಆಡುಮಾತೇ ಇರಲಿ ಅಂತ ಮತವನ್ನೇ ಹಾಕಿದರು. ಯಾರ ಬಾಯಿಯ ಮಾತಿಗೂ ಯಾರೂ ನಗುವುದಿಲ್ಲ. ಅತ್ತೆಗೆ ಉತ್ತರ ಕೊಟ್ಟೆ. 'ಭಾಳ ಥಂಡಿ ಐತ್ರೀ.' ಎದುರಿಗೆ ಕ್ಲಾಸಿನವರು ಹತ್ತು ಜನ ಇದ್ದರು. ಮೂರು ವರ್ಷದಲ್ಲಿ ಹೊರಗೆ, ಗಟ್ಟಿಯಾಗಿ, ಹಾಗೆ ಮಾತಾಡಿದ್ದು ಅದೇ ಮೊದಲು.

ಅದಕ್ಕೇ ಅಕ್ಕನಿಗೆ, ಭಾವನಿಗೆ ನನ್ನ ಕೋರಿಕೆ ಇಷ್ಟೇ. ಪ್ಯಾರಿಸ್ ಟಿಕೆಟ್ ಈಗಲೇ ಬುಕ್ ಮಾಡಬೇಡಿ. ದಿನಾ ರಾತ್ರಿ ವಿಡಿಯೋ ಕಾಲ್ ಬೇಡ, ಭಾನುವಾರ ಒಂದು ಸಾಕು. ಅವಳು ಅತ್ತರೆ ಅಲ್ಲಿನ ಮನೆಯಮ್ಮನ ಹತ್ತಿರ ಅಳಲಿ. ಸರ್ಟಿಫಿಕೇಟ್ ಪರೀಕ್ಷೆಯನ್ನು ವಾಪಸ್ ಬಂದು ಬೆಂಗಳೂರಿನಲ್ಲೇ ಬರೆಯಬಹುದು. ಮನೆಯವರಿಗೆ ಮೊದಲ ಪತ್ರದಲ್ಲೇ ಬರೆಯಿರಿ, ನಮ್ಮ ಹುಡುಗಿಗೆ ಕೆಲಸ ಹೇಳಿ, ನಿಮ್ಮ ಮಾತಲ್ಲೇ ಹೇಳಿ ಅಂತ.

ನಿನ್ನೆ ಸಂಜೆ ಅವಳು ಬಂದಿದ್ದಳು. ಪಡಸಾಲೆಯಲ್ಲಿ ಹಳೇ ಪೇಪರ್ ರಾಶಿ ಹಾಕಿ, ದಾರ ಕೊಟ್ಟು ಕೂರಿಸಿದೆ. ಮೊದಲ ಕಟ್ಟು ಎತ್ತಿದ ಕೂಡಲೇ ಜಾರಿತು. 'ಚಿಗವ್ವಾ, ಎಲ್ಲಿ ಒತ್ತಬೇಕು?' ಅಂದಳು. ಮಂಡಿ ಎಲ್ಲಿಡಬೇಕು ಅಂತ ತೋರಿಸಿದೆ. ಎರಡನೆಯದು ನಿಂತಿತು.