ಸಿಂಗಪುರಕ್ಕೆ ಹೋದ ಮಂಡಕ್ಕಿ ದುಡ್ಡು

ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಎಷ್ಟು ಹೋಯಿತು ಎಂಬುದು ಪೈಸೆ ಸಮೇತ ಇರುತ್ತದೆ. ಯಾರಿಗೆ ಹೋಯಿತು ಎಂದು ತಿಳಿಯಲು ಮಾತ್ರ ಅಂಜನ ಹಾಕಿ ನೋಡಬೇಕು.

ನಾನು ದಾವಣಗೆರೆಯಲ್ಲಿ ನಾಲ್ಕಾರು ಅಂಗಡಿಗಳಿಗೆ ಲೆಕ್ಕ ಬರೆಯುವವನು. ಅದರಲ್ಲಿ ಒಂದು ಮಂಡಕ್ಕಿ ಭಟ್ಟಿ. ಅಣ್ಣ ತಮ್ಮ ಇಬ್ಬರೂ ಪಾಲುದಾರರು. ದೊಡ್ಡ ಯಜಮಾನರು ಸ್ಟೇಟ್‌ಮೆಂಟನ್ನು ಮೊಬೈಲಿನಲ್ಲಿ ನೋಡುವವರಲ್ಲ. ಪ್ರಿಂಟ್ ಹಾಕಿ ಕೊಡಬೇಕು. ಸಾಲಿನ ಕೆಳಗೆ ಸ್ಕೇಲು ಇಟ್ಟು, ಕೆಂಪು ಪೆನ್ನಿನಲ್ಲಿ ಟಿಕ್ ಹಾಕುತ್ತಾ ಇಳಿಯುತ್ತಾರೆ. ಭತ್ತದವರು, ಟಿಕ್. ಚೀಲದವರು, ಟಿಕ್. ಕರೆಂಟ್ ಬಿಲ್, ಒಂದು ಉಸಿರು, ಟಿಕ್.

2025ರ ಜುಲೈ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಸ್ಕೇಲು ಒಂದು ಸಾಲಿನ ಕೆಳಗೆ ನಿಂತಿತು. ಮೊತ್ತ 6,842 ರೂಪಾಯಿ 82 ಪೈಸೆ. ಹೆಸರಿನ ಜಾಗದಲ್ಲಿ ಅರ್ಥವಾಗದ ಮೂರು ಇಂಗ್ಲಿಷ್ ಅಕ್ಷರ, ಒಂದು ನಕ್ಷತ್ರ, ಆಮೇಲೆ ‘ಹೋಸ್ಟ್’ ಅಂತ ಅರ್ಧಕ್ಕೇ ತುಂಡಾದ ಏನೋ ಒಂದು, ಕೊನೆಗೆ ಸಿಂಗಪುರ.

“ರೈಟ್ರೇ, ಇದ್ಯಾವ ಬಾಬ್ತು?”

ಲೆಕ್ಕದಲ್ಲಿ ಬಾಬ್ತು ಗೊತ್ತಾಗದ್ದನ್ನೆಲ್ಲ ಹಾಕೋಕೆ ಅನಾಮತ್ ಖಾತೆ ಅಂತ ಒಂದಿದೆ. ಅಲ್ಲಿಗೆ ತಳ್ಳಿ ಮುಂದಿನ ಸಾಲಿಗೆ ಹೋಗೋಣ ಅಂದೆ. ಯಜಮಾನರು ಬಿಡಬೇಕಲ್ಲ.

“ಸಿಂಗಪುರಕ್ಕೆ ನಾವು ಮಂಡಕ್ಕಿ ಕಳ್ಸಿಲ್ಲ. ಸಿಂಗಪುರದೋರು ನಮಗೆ ಭತ್ತ ಕೊಟ್ಟಿಲ್ಲ. ರೊಕ್ಕ ಯಾಕೆ ಹೋತು?”

ಆಮೇಲೆ ಪಂಚಾಯ್ತಿ ಶುರುವಾಯಿತು. ಚಿಕ್ಕ ಯಜಮಾನರು ಸ್ಟೇಟ್‌ಮೆಂಟ್ ನೋಡುವ ಮೊದಲೇ “ಹ್ಯಾಕ್ ಆಗೈತಿ” ಅಂದರು. ಅವರಿಗೆ ಫ್ಯಾನ್ ನಿಧಾನಕ್ಕೆ ತಿರುಗಿದರೂ ಹ್ಯಾಕೇ. ಗುಮಾಸ್ತ ಕನ್ನಡಕ ಏರಿಸಿ, ‘ಹೋಸ್ಟ್’ ಅಂದರೆ ಹಾಸ್ಟೆಲ್ಲೇ ಇರಬೇಕು, ಬಾಲ ಕಟ್ ಆಗಿದೆ ಎಂದ. ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಊರಿನಲ್ಲಿ ಹಾಗನ್ನಿಸಿದ್ದು ತಪ್ಪಲ್ಲ. ಆದರೆ ಯಾರ ಹಾಸ್ಟೆಲ್ಲು? ಇಬ್ಬರು ಯಜಮಾನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಊಟದ ಕ್ಯಾರಿಯರ್ ತಂದ ಹುಡುಗನಿಂದ ಸುದ್ದಿ ಮನೆಗೆ ಹೋಯಿತು. ಖಾಲಿ ಕ್ಯಾರಿಯರ್ ಹೋಗುವುದರೊಳಗೆ ದೊಡ್ಡಮ್ಮನವರ ಫೋನು: ಸೊಸೆ ರಾತ್ರಿಯೆಲ್ಲ ಸೀರಿಯಲ್ ನೋಡ್ತಾಳೆ, ಅದರ ಬಾಡಿಗೆನೇ ಇರಬೇಕು, ವಿಚಾರಿಸ್ರಿ. ಒಂದು ಸಾಲಿನ ನೆಪದಲ್ಲಿ ಆ ಮನೆಯ ಹಳೇ ಕೇಸುಗಳೆಲ್ಲ ಮತ್ತೆ ವಿಚಾರಣೆಗೆ ಬಂದವು.

ನನಗೆ ಬೇರೆ ಚಿಂತೆ. 82 ಪೈಸೆ ಎಲ್ಲಿಂದ ಬಂತು? ಶೇ. 18 ಜಿಎಸ್‌ಟಿ ಸೇರಿರಬಹುದು ಅಂತ ಕ್ಯಾಲ್ಕುಲೇಟರ್ ತೆಗೆದು ಮೊತ್ತವನ್ನು 1.18ರಿಂದ ಭಾಗಿಸಿದೆ. ಚಿಲ್ಲರೆ ಇಲ್ಲದೆ 5,799 ಬಂತು.

“ಯಜಮಾನ್ರೇ, ಇದು ಹ್ಯಾಕ್ ಇರಲಿಕ್ಕಿಲ್ಲ. ಜಿಎಸ್‌ಟಿ ಕಟ್ಟಿ ಕದಿಯೋ ಕಳ್ಳ ಇನ್ನೂ ಹುಟ್ಟಿಲ್ಲ.”

ಹೇಳಿದ ಮೇಲೆ ಸ್ವಲ್ಪ ಅಳುಕಿತು. ಕದ್ದ ಕಾರ್ಡಿನಿಂದ ನಿಜವಾದ ಅಂಗಡಿಯಲ್ಲೇ ಸಾಮಾನು ಕೊಳ್ಳುವ ಕಳ್ಳರೂ ಇದ್ದಾರೆ. ಆದರೆ 5,799 ಅನ್ನೋದು ಯಾರೋ ಬೋರ್ಡಿನ ಮೇಲೆ ಬರೆದಿಟ್ಟ ರೇಟು, ಅಷ್ಟು ಖಾತ್ರಿ.

ಯಜಮಾನರ ಸ್ಕೇಲು ಅಷ್ಟರಲ್ಲಿ ಇನ್ನೊಂದು ಸಾಲು ಕೆಳಗಿಳಿದಿತ್ತು. ಅಲ್ಲಿ 239 ರೂಪಾಯಿ 50 ಪೈಸೆ. ಅದರ ಕೆಳಗೆ 43 ರೂಪಾಯಿ 11 ಪೈಸೆ. ಮೊದಲಿನದು ಬ್ಯಾಂಕು ಹಿಡಿದುಕೊಂಡ ಶೇ. 3.5 ಮಾರ್ಕಪ್, ಅಂದರೆ ಹೊರದೇಶದ ವ್ಯವಹಾರಕ್ಕೆ ಹಾಕುವ ಹೆಚ್ಚುವರಿ ಶುಲ್ಕ. ರೇಟು ರೂಪಾಯಿಯಲ್ಲೇ ಇದ್ದರೂ ಮಾರಿದವರ ಖಾತೆ ಹೊರದೇಶದಲ್ಲಿದ್ದರೆ ಸುಮಾರು ಬ್ಯಾಂಕುಗಳು ಇದನ್ನು ಹಾಕುತ್ತವೆ. ಎರಡನೆಯದು ಆ ಮಾರ್ಕಪ್ಪಿನ ಮೇಲೆ ಶೇ. 18 ಜಿಎಸ್‌ಟಿ. ಆರು ಸಾವಿರ ಚಿಲ್ಲರೆ ಹೋದದ್ದನ್ನು ಹೇಗೋ ತಡೆದುಕೊಂಡಿದ್ದ ಯಜಮಾನರು ಈ 43 ರೂಪಾಯಿಗೆ ಕುರ್ಚಿ ಬಿಟ್ಟು ಎದ್ದರು.

“ಯಾರಿಗೆ ಕೊಟ್ವಿ ಅಂತ ಗೊತ್ತಿಲ್ಲ. ಕೊಟ್ಟಿದ್ದಕ್ಕೆ ದಂಡ ಬ್ಯಾರೆ. ದಂಡಕ್ಕೆ ತೆರಿಗೆ ಬ್ಯಾರೆ!”

ಚಿಕ್ಕ ಯಜಮಾನರು ಮೊಬೈಲಿನಲ್ಲಿ 1930 ಒತ್ತಿ, ಹಸಿರು ಗುಂಡಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡು ನಿಂತಿದ್ದರು. ಸೈಬರ್ ವಂಚನೆಗೆ ಅದೇ ಸಹಾಯವಾಣಿ. ಅವರ ಅವಸರಕ್ಕೆ ಕಾರಣವೂ ಇತ್ತು. ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಖಾತೆಯಿಂದ ದುಡ್ಡು ಹೋಗಿದ್ದರೆ, ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮ ತಲೆಗೆ ಬರುತ್ತಿರಲಿಲ್ಲ. ತಡ ಮಾಡಿದಷ್ಟೂ ನಮ್ಮ ಪಾಲು ಏರುತ್ತಿತ್ತು. ಹಾಗಂತ ನಾವೇ ಒಪ್ಪಿ ಕೊಟ್ಟ ದುಡ್ಡಿಗೆ ವಂಚನೆ ಅಂತ ದೂರು ಕೊಡೋಕೂ ಆಗಲ್ಲ. ಮೊದಲು ಬ್ಯಾಂಕಿಗೆ ಹೋಗೋಣ ಅಂದೆ. ಹೆಬ್ಬೆರಳು ಒಲ್ಲದ ಮನಸ್ಸಿನಿಂದ ಮೇಲೆದ್ದಿತು.

ಬ್ಯಾಂಕಿನಲ್ಲಿದ್ದ ಹುಡುಗಿ ಚುರುಕು. ಆ ಮೂರಕ್ಷರ ಮತ್ತು ನಕ್ಷತ್ರ, ದುಡ್ಡು ದಾಟಿಸಿಕೊಟ್ಟ ಪೇಮೆಂಟ್ ಕಂಪನಿಯ ಗುರುತು. ಆಮೇಲಿರುವುದು ಮಾರಿದವರ ಹೆಸರು. ಕಾರ್ಡಿನ ವ್ಯವಹಾರದಲ್ಲಿ ಹೆಸರಿಗೆ ಸಿಗುವ ಜಾಗವೇ ಇಪ್ಪತ್ತು ಚಿಲ್ಲರೆ ಅಕ್ಷರ, ಉಳಿದದ್ದು ಕತ್ತರಿಸಿ ಹೋಗುತ್ತದೆ. “ಇದು ವೆಬ್‌ಸೈಟ್ ಹೋಸ್ಟಿಂಗ್ ಚಾರ್ಜು ಸರ್” ಅಂದಳು.

“ನಮ್ಮದು ಮಂಡಕ್ಕಿ ಭಟ್ಟಿ ಕಣವ್ವಾ” ಅಂದರು ಯಜಮಾನರು.

ಅವಳು ಕಂಪ್ಯೂಟರಿನಲ್ಲಿ ಇನ್ನೂ ಒಂದಿಷ್ಟು ಕೆದಕಿದಳು. ನಿಮ್ಮ ಡೆಬಿಟ್ ಕಾರ್ಡಿನ ಮೇಲೆ ಆಟೋ ಪೇಮೆಂಟಿಗೆ ಒಪ್ಪಿಗೆ ಇದೆ. ಅಂಥದ್ದಕ್ಕೆ ಮೊದಲ ಸಲ ಮಾತ್ರ ಒಟಿಪಿ ಬೇಕು. ಆಮೇಲೆ 15,000 ರೂಪಾಯಿವರೆಗೆ ಒಟಿಪಿ ಕೇಳದೆ ಕಟ್ ಆಗುತ್ತದೆ. ಆದರೆ ದುಡ್ಡು ಹೋಗುವ 24 ಗಂಟೆ ಮೊದಲು ಮೆಸೇಜ್ ಬಂದೇ ಬರುತ್ತದೆ, ಅದು ರಿಸರ್ವ್ ಬ್ಯಾಂಕ್ ನಿಯಮ.

“ನಾನು ಹುಟ್ಟಿದಾಗಿಂದ ಯಾರಿಗೂ ಒಟಿಪಿ ಹೇಳಿಲ್ಲ” ಅಂದರು ಯಜಮಾನರು. ಅವಳು ಖಾತೆಗೆ ಕೊಟ್ಟ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಓದಿದಳು. ಗುಮಾಸ್ತ ಹಣೆ ಹಣೆ ಚಚ್ಚಿಕೊಂಡ.

ಅದು ಗಲ್ಲಾಪೆಟ್ಟಿಗೆಯಲ್ಲಿರುವ ಬಟನ್ ಫೋನು. ಹಿಂಬದಿಗೆ ರಬ್ಬರ್ ಬ್ಯಾಂಡು, ಐದರ ಗುಂಡಿ ಸವೆದು ಮಾಯ. ಲಾರಿಯವರಿಗೆ, ಹಮಾಲರಿಗೆ ಫೋನ್ ಮಾಡೋಕೆ ಬಿಟ್ಟರೆ ಯಾರೂ ಅದನ್ನು ಮುಟ್ಟುವುದಿಲ್ಲ. ವಾಪಸ್ ಬಂದು ಮೆಸೇಜ್ ಪೆಟ್ಟಿಗೆ ತೆರೆದರೆ ‘ಜಾಗ ಇಲ್ಲ’ ಅಂತ ತೋರಿಸಿತು. ಅದು ಭರ್ತಿಯಾಗಿ ಯಾವ ಕಾಲವಾಗಿತ್ತೋ. ಹೊಸ ಮೆಸೇಜ್ ಒಂದೂ ಒಳಗೆ ಬಂದಿಲ್ಲ, 24 ಗಂಟೆ ಮೊದಲಿನದೂ ಇಲ್ಲ. ಆದರೆ ಹಳೆಯವು ಹಾಗೇ ಕೂತಿದ್ದವು. ಸಾಲದ ಆಸೆ ತೋರಿಸುವ ಮೆಸೇಜುಗಳನ್ನು ದಾಟಿ, ಸವೆದ ಗುಂಡಿಗಳನ್ನು ಒತ್ತುತ್ತಾ ಹೋದ ಗುಮಾಸ್ತನಿಗೆ ಕೊನೆಗೂ ಸಿಕ್ಕಿತು: 2022ರ ಜುಲೈ ತಿಂಗಳ ಒಂದು ಒಟಿಪಿ. ಅದರ ಹಿಂದೆಯೇ, ಆಟೋ ಪೇಮೆಂಟ್ ನೋಂದಣಿಯಾಗಿದೆ ಎಂಬ ಮೆಸೇಜು.

ತಾರೀಖು ಸಿಕ್ಕಿದ ಮೇಲೆ ಉಳಿದದ್ದು ನನ್ನ ಕೆಲಸ. ಅಟ್ಟದಿಂದ ಆ ವರ್ಷದ ರೋಜ್‌ಮೇಳ, ಅಂದರೆ ದಿನದಿನದ ಜಮಾ ಖರ್ಚಿನ ಪುಸ್ತಕ, ಇಳಿಸಿದೆವು. ಅವತ್ತಿನ ಪುಟದಲ್ಲಿ ಯಜಮಾನರದೇ ದುಂಡು ಅಕ್ಷರ: ‘ತಮ್ಮನ ಮಗನ ಕಂಪ್ಯೂಟರ್ ಬಾಬ್ತು, 6,330.’ ಯಜಮಾನರು ಆ ಪುಟವನ್ನು ಬೇರೆಯವರ ಕೈಬರಹ ನೋಡುವ ಹಾಗೆ ಬಹಳ ಹೊತ್ತು ನೋಡಿದರು. ಅವರು ಮರೆತದ್ದು ದೊಡ್ಡದಲ್ಲ ಬಿಡಿ. ಅದೇ ತಿಂಗಳು 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಮಂಡಕ್ಕಿಗೂ ಶೇ. 5 ಜಿಎಸ್‌ಟಿ ಬಂದಿತ್ತು. ಭಟ್ಟಿಯವರಿಗೆ ಆಗ ಅದೊಂದೇ ಮಾತು.

ತಮ್ಮನ ಮಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಫೋನ್ ಸ್ಪೀಕರಿಗೆ ಹಾಕಿದೆವು.

“ಅಯ್ಯೋ ದೊಡ್ಡಪ್ಪ, ಅದಿನ್ನೂ ಇದೆಯಾ? ನನ್ನ ಕೊನೇ ವರ್ಷದ ಪ್ರಾಜೆಕ್ಟು. ಮಂಡಕ್ಕಿ ಆನ್‌ಲೈನಲ್ಲಿ ಮಾರೋದು. ನನ್ನ ಹತ್ರ ಕಾರ್ಡ್ ಇರ್ಲಿಲ್ಲ, ನೀವೇ ಕೊಟ್ರಲ್ಲ!”

ಮಂಡಕ್ಕಿ ಆನ್‌ಲೈನಲ್ಲಿ ಹೋಗಲಿಲ್ಲ. ಕಾರಣ ಕೊರಿಯರ್ ಲೆಕ್ಕ. ಅವರು ತೂಕದ ಜೊತೆ ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಯಾವುದು ಜಾಸ್ತಿಯೋ ಅದಕ್ಕೆ ರೇಟು. 40, 30, 30ರ ಡಬ್ಬಿಗೆ ಮೂರು ಕಿಲೋ ಮಂಡಕ್ಕಿ ತುಂಬುವುದೇ ಕಷ್ಟ. ಕೊರಿಯರಿನವರ ಪ್ರಕಾರ ಅದು 7.2 ಕಿಲೋ. ಮಂಡಕ್ಕಿಗಿಂತ ಅದರೊಳಗಿನ ಗಾಳಿ ಕಳಿಸೋ ಖರ್ಚೇ ಜಾಸ್ತಿ. ಬಂದದ್ದು ಒಂದೇ ಆರ್ಡರು, ಅದೂ ಸೈಟು ನಡೆಯುತ್ತಾ ಅಂತ ನೋಡೋಕೆ ಹುಡುಗನೇ ಹಾಕಿದ್ದು.

“ಮತ್ತೆ ಈ ಹೋಸ್ಟಿಂಗ್ ಅಂದ್ರೇನು?” ಕೇಳಿದರು ಯಜಮಾನರು.

ನಾನು ಗೋದಾಮಿನ ಬಾಡಿಗೆ ಅಂದೆ. ಸೈಟಿನ ಫೋಟೊ, ಬರಹವೆಲ್ಲ ಅವರ ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ, ಅದರ ಜಾಗಕ್ಕೆ ಕೊಡೋದು. ಅಲ್ಲಿಗೆ ಅವರಿಗೆ ಎಲ್ಲವೂ ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು.

“ಮೂರು ವರ್ಷ ಖಾಲಿ ಗೋದಾಮಿಗೆ ಬಾಡಿಗೆ ಕಟ್ಟೀವಿ?”

ಅಲ್ಲಿಗೂ ಮುಗಿಯಲಿಲ್ಲ. 2022ರಲ್ಲಿ ಕೊಟ್ಟದ್ದು ತಿಂಗಳಿಗೆ 149 ರೂಪಾಯಿಯಂತೆ ಮೂರು ವರ್ಷದ್ದು, ತೆರಿಗೆ ಸೇರಿ. ಹೋಸ್ಟಿಂಗ್ ವ್ಯಾಪಾರವೇ ಹಾಗೆ. ಮೊದಲ ಸಲ ಬಂದವರಿಗೆ ಅಗ್ಗದ ರೇಟು, ನವೀಕರಣಕ್ಕೆ ಪೂರ್ತಿ ರೇಟು. ಆಟೋ ನವೀಕರಣದ ಗುಂಡಿ ಮೊದಲೇ ಒತ್ತಿರುತ್ತದೆ. ಈಗ ಹೋದ 5,799 ಬರೀ ಒಂದು ವರ್ಷಕ್ಕೆ. ಇದನ್ನು ಹೇಳುವಾಗ ನಾನು ಸ್ವಲ್ಪ ದೂರ ನಿಂತು ಹೇಳಿದೆ.

“ಬಿಲ್ಲು ಎಲ್ಲೈತಿ? ನಮ್ಮ ಜಿಎಸ್‌ಟಿ ನಂಬರ್ ಐತೋ ಇಲ್ಲೋ ಅದ್ರಾಗೆ?”

ಬಿಲ್ಲು ಹುಡುಗನ ಹಳೇ ಇಮೇಲಿಗೆ ಹೋಗಿತ್ತು. ನಂಬರ್ ಇರಲಿಲ್ಲ. ಹಾಗಾಗಿ 1,043 ರೂಪಾಯಿ 82 ಪೈಸೆ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದರೆ ನಾವು ಕಟ್ಟುವ ಜಿಎಸ್‌ಟಿಯಲ್ಲಿ ಅದನ್ನು ವಜಾ ಮಾಡಿಕೊಳ್ಳೋಕೆ ಆಗಲ್ಲ. ಯಜಮಾನರು ಮೊದಲ ಬಾರಿಗೆ ನಿಜವಾಗಿ ಕುಗ್ಗಿದರು. ದುಡ್ಡು ಹೋದರೆ ಹೋಗಲಿ ಅನ್ನುವ ವ್ಯಾಪಾರಿಗಳನ್ನು ನೋಡಿದ್ದೇನೆ, ಕ್ರೆಡಿಟ್ ಹೋದರೆ ಹೋಗಲಿ ಅನ್ನುವವರನ್ನು ನೋಡಿಲ್ಲ.

ಹುಡುಗ ಸಮಾಧಾನ ಹೇಳಿದ. ನವೀಕರಣವಾದ 30 ದಿನದೊಳಗೆ ರದ್ದು ಮಾಡಿದರೆ ಆ ಕಂಪನಿ ದುಡ್ಡು ವಾಪಸ್ ಕೊಡುತ್ತದಂತೆ, ಇನ್ನೂ ಟೈಮಿದೆ. “ಸೈಟು ಅಳಿಸಿ ಹೋಗುತ್ತೆ ಅಷ್ಟೇ. ಒಂದ್ಸಲ ನೋಡಿಬಿಡಿ ದೊಡ್ಡಪ್ಪ” ಅಂದ.

ಅದೊಂದು ಮಾತು ಅವನು ಆಡಬಾರದಿತ್ತು. ನನ್ನ ಮೊಬೈಲಿನಲ್ಲಿ ಸೈಟು ತೆರೆಯಿತು. ಮೇಲೆ ಭಟ್ಟಿಯ ಹೊಗೆ, ಮರಳಿನಲ್ಲಿ ಅರಳುತ್ತಿರುವ ಮಂಡಕ್ಕಿ. ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟ ಯಜಮಾನರು, ಬೊಗಸೆ ತುಂಬ ಮಂಡಕ್ಕಿ ಹಿಡಿದು ನಗುತ್ತಿದ್ದಾರೆ. ಕೆಳಗೆ ‘ಸ್ಥಾಪಕರು’ ಅಂತ ಇದೆ. ಅದರ ಕೆಳಗೆ ಹುಡುಗ ತುಂಬಿಸೋದು ಬಿಟ್ಟ ಜಾಗದಲ್ಲಿ, ಬರೀ ಜಾಗ ಹಿಡಿಯೋಕೆ ಹಾಕಿರುವ ನಾಲ್ಕು ಸಾಲು ಲ್ಯಾಟಿನ್.

ಯಜಮಾನರು ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು. “ಇದನ್ನ ಅಮೆರಿಕದೋರೂ ನೋಡಬಹುದಾ?”

“ಎಲ್ಲಿಂದ ಬೇಕಾದ್ರೂ ನೋಡಬಹುದು.”

“ಹಂಗಾದ್ರೆ ಇರ್ಲಿ ಬಿಡ್ರಿ. ಜಾಹೀರಾತು ಖರ್ಚಿಗೆ ಬರೀರಿ.”

ಚಿಕ್ಕ ಯಜಮಾನರು ಫೋನು ಇಸಿದುಕೊಂಡು ಸೈಟನ್ನು ಮೇಲಿಂದ ಕೆಳಗೆ ಸರಿಸಿದರು. ಕೆಳಗಿಂದ ಮೇಲೆ ಸರಿಸಿದರು. ಅವರ ಫೋಟೊ ಎಲ್ಲೂ ಇರಲಿಲ್ಲ. ಮಾಡಿದವನು ಅವರ ಸ್ವಂತ ಮಗ.

“ಜಾಹೀರಾತು ಅಲ್ಲ ಇದು. ಅಣ್ಣನ ಸ್ವಂತ ಖರ್ಚಿಗೆ ಹಾಕ್ರಿ” ಅಂದರು.

ಇಬ್ಬರೂ ನನ್ನ ಪೆನ್ನನ್ನೇ ನೋಡುತ್ತಿದ್ದರು. ನಾನು ಅನಾಮತ್ ಖಾತೆಯ ಪುಟ ತೆರೆದೆ. ಅಷ್ಟರಲ್ಲಿ ಸ್ಪೀಕರಿನಿಂದ ಹುಡುಗನ ದನಿ ಬಂತು: “ದೊಡ್ಡಪ್ಪಾ, ಇದು ಹೋಸ್ಟಿಂಗ್ ಮಾತ್ರ. ಸೈಟಿನ ಹೆಸರಿಗೆ ವರ್ಷವರ್ಷ ಬೇರೆ ದುಡ್ಡು ಕಟ್ಟಬೇಕು. ಅದು ಬೇರೆ ಕಂಪನಿ. ಇಷ್ಟು ದಿನ ಅಪ್ಪನ ಕಾರ್ಡಿಂದ ಹೋಗ್ತಾ ಇತ್ತು.”