ಬಾವುಟಕ್ಕೆ ಇಸ್ತ್ರಿ, ಕಂಬಳಿಗೆ ತಿಂಗಳ ರಜೆ

ಮತ್ತೊಂದು ವಂದೇ ಭಾರತ್ ರೈಲಿಗೆ ಹಸಿರು ನಿಶಾನೆ ಅಂತ ಫೋಟೋ ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಬಾವುಟದ ಮೇಲೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಅದರಲ್ಲಿ ಸುಕ್ಕು ಕಂಡಿಲ್ಲ. ನೀಟಾಗಿ ಇಸ್ತ್ರಿ ಮಾಡಿರುತ್ತಾರೆ. ನಮ್ಮ ರೈಲುಗಳಲ್ಲಿ ಇಷ್ಟು ಚೊಕ್ಕಟವಾಗಿರುವ ಬಟ್ಟೆ ಅದೊಂದೇ ಇರಬೇಕು.

ಕಂಬಳಿಯ ಕಥೆ ನಿಮಗೂ ನೆನಪಿರುತ್ತದೆ. 2024ರ ನವೆಂಬರ್‌ನಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂತು, ರೈಲಿನ ಕಂಬಳಿ ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ ಅಂತ. ಸಚಿವರು ಲಿಖಿತವಾಗಿ ಉತ್ತರ ಕೊಟ್ಟರು: ತಿಂಗಳಿಗೆ ಕನಿಷ್ಠ ಒಂದು ಸಲ. ಆ 'ಕನಿಷ್ಠ' ನನಗೆ ಬಹಳ ಹಿಡಿಸಿತು. ಸೋಮವಾರ ಒಬ್ಬರು ಹೊದ್ದು ಕೆಮ್ಮಿದ್ದನ್ನು ಮಂಗಳವಾರ ಇನ್ನೊಬ್ಬರು ಹೊದ್ದು ಸೀನಿ, ಬುಧವಾರ ಮತ್ತೊಬ್ಬರು ಮೂಗಿನ ತನಕ ಎಳೆದುಕೊಂಡು ಮಲಗುತ್ತಾರೆ. ಜಾತಿ ಇಲ್ಲ, ಭಾಷೆ ಇಲ್ಲ, ರಾಜ್ಯ ಇಲ್ಲ, ಎಲ್ಲರಿಗೂ ಒಂದೇ ನೆಗಡಿ. ಭಾವೈಕ್ಯ ಅಂದರೆ ಇದೇ ಅಲ್ವಾ?

ವಂದೇ ಭಾರತ್ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿಯೇ ಇದೆ. ಚೆನ್ನೈನ ಬೋಗಿ ಕಾರ್ಖಾನೆ ಐಸಿಎಫ್‌ನಲ್ಲಿ ನಮ್ಮವರೇ ಕಟ್ಟಿದ ರೈಲು, ಹೆಮ್ಮೆ ಪಡೋಣ. ಗಂಟೆಗೆ 180 ಕಿ.ಮೀ. ಓಡಬಲ್ಲ ಹಾಗೆ ಕಟ್ಟಿದ್ದಾರೆ. ಓಡಿಸಲು ಒಪ್ಪಿಗೆ ಇರುವುದು 160ಕ್ಕೆ, ಅದೂ ಎಲ್ಲ ಕಡೆ ಇಲ್ಲ. ಇನ್ನು ನಿಜವಾಗಿ ಓಡಿದ್ದು? ಆರ್‌ಟಿಐ ಅರ್ಜಿಗೆ ಬಂದ ಉತ್ತರದ ಪ್ರಕಾರ 2020-21ರಲ್ಲಿ ಸರಾಸರಿ 84.48 ಕಿ.ಮೀ. ಇದ್ದದ್ದು 2023-24ಕ್ಕೆ 76.25ಕ್ಕೆ ಇಳಿದಿತ್ತು. ವಯಸ್ಸಾದಂತೆ ಮಂಡಿ ನೋವು ಬರುವುದು ನಮಗೆ ಮಾತ್ರ ಅಂದುಕೊಂಡಿದ್ದೆ. ಐದು ವರ್ಷದ ರೈಲಿಗೂ ಬರುತ್ತದೆ. ಪಾಪ, ರೈಲು ಏನು ಮಾಡೀತು? ಹಳಿಯ ತಿರುವು ಹಾಗೇ ಇದೆ, ಇಲ್ಲಿ ನಿಧಾನ ಅಲ್ಲಿ ನಿಧಾನ ಅನ್ನುವ ಬೋರ್ಡುಗಳು ಹಾಗೇ ಇವೆ. ಗದ್ದೆಯ ಬದುವಿನ ಮೇಲೆ ರೇಸ್ ಬೈಕ್ ಬಿಟ್ಟ ಹಾಗೆ. ನಮ್ಮ ಬೆಂಗಳೂರು-ಬೆಳಗಾವಿ ವಂದೇ ಭಾರತವನ್ನೇ ನೋಡಿ. 2025ರ ಆಗಸ್ಟ್ 10ರಂದು ಪ್ರಧಾನಿಯೇ ಬಂದು ಬಾವುಟ ಬೀಸಿದರು. ಆರುನೂರು ಚಿಲ್ಲರೆ ಕಿ.ಮೀ.ಗೆ ಎಂಟೂವರೆ ಗಂಟೆ ಹತ್ತಿರ ಹಿಡಿಯುತ್ತದೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಆದರೂ ಅದು ಸೂಪರ್‌ಫಾಸ್ಟ್‌ಗಿಂತ ವಾಸಿ. ಈ ಸೂಪರ್‌ಫಾಸ್ಟ್ ಅನ್ನುವ ಪದದ ಅರ್ಥ ಗೊತ್ತಿದೆಯಾ ನಿಮಗೆ? ಸರಾಸರಿ ಗಂಟೆಗೆ 55 ಕಿ.ಮೀ. ಅಷ್ಟೇ. ಅಷ್ಟು ದಾಟಿದರೆ ರೈಲ್ವೆಯ ಪುಸ್ತಕದಲ್ಲಿ ಅದು ಸೂಪರ್, ಅದು ಫಾಸ್ಟ್, ಮತ್ತು ಟಿಕೆಟ್ ಮೇಲೆ ಸರ್‌ಚಾರ್ಜ್ ಬೇರೆ. ಖಾಲಿ ರಸ್ತೆ ಸಿಕ್ಕರೆ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡ ಮೊಪೆಡ್ ಕೂಡ ಸೂಪರ್‌ಫಾಸ್ಟ್ ಆಗಬಹುದು, ಏನೋ ಅದರ ಮಾಲೀಕರಿಗೆ ಸರ್‌ಚಾರ್ಜ್ ಕೇಳುವುದು ಹೊಳೆದಿಲ್ಲ. ತಡವಾಗಿ ಓಡಿದ ರೈಲಿಗೂ ಈ ದುಡ್ಡು ಕಿತ್ತುಕೊಂಡಿದ್ದೀರಲ್ಲ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ಒಮ್ಮೆ ಕೇಳಿತ್ತು. ಕೇಳಿತು, ಅಷ್ಟೇ.

ಎಮ್ಮೆ ವಿಷಯ ಬಿಟ್ಟು ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಗಾಂಧಿನಗರ-ಮುಂಬೈ ವಂದೇ ಭಾರತ್‌ಗೆ 2022ರ ಸೆಪ್ಟೆಂಬರ್ 30ರಂದು ನಿಶಾನೆ ತೋರಿದರು. ಅಕ್ಟೋಬರ್ 6ಕ್ಕೆ ಅಹಮದಾಬಾದ್ ಹತ್ತಿರ ಎಮ್ಮೆಗಳಿಗೆ ಗುದ್ದಿ ರೈಲಿನ ಮೂತಿ ಕಿತ್ತು ಬಂತು. ರಾತ್ರೋರಾತ್ರಿ ಹೊಸ ಮೂತಿ ಅಂಟಿಸಿ ಕಳಿಸಿದರು. ಮಾರನೇ ದಿನ ಆನಂದ್ ಹತ್ತಿರ ಹಸು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ, ಕಿನ್ನರಿಗೆ ಜಗ್ಗದ್ದು ಹಾರ್ನ್‌ಗೆ ಜಗ್ಗುತ್ತದಾ? ಇದರಲ್ಲಿ ನನಗೆ ಅತಿ ಇಷ್ಟವಾದದ್ದು ಅದಾದ ಮೇಲಿನದು. ರೈಲ್ವೆ ರಕ್ಷಣಾ ಪಡೆ ಆರ್‌ಪಿಎಫ್‌ನವರು ಎಫ್‌ಐಆರ್ ಹಾಕಿದರು. ಬೇಲಿ ಹಾಕದವರ ಮೇಲೆ ಅಂದುಕೊಂಡಿರಾ? ಎಮ್ಮೆಗಳ ಮಾಲೀಕರ ಮೇಲೆ. ಬೇಲಿಯ ಮಾತು ಆಮೇಲೆ ಬಂತು.

ಬಾವುಟಕ್ಕೆ ವಾಪಸ್ ಬರುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ಉತ್ತರ ಪ್ರದೇಶದ ಇಟಾವಾ ಸ್ಟೇಷನ್ನಿನಲ್ಲಿ ಬಾವುಟ ಬೀಸುವವರ ನೂಕುನುಗ್ಗಲಿಗೆ ಶಾಸಕಿಯೊಬ್ಬರು ರೈಲಿನ ಮುಂದೆಯೇ ಹಳಿಗೆ ಬಿದ್ದರು. ತಕ್ಷಣ ಎತ್ತಿದರು, ದೊಡ್ಡ ಪೆಟ್ಟಾಗಲಿಲ್ಲ, ಸದ್ಯ. ರೈಲು ಹತ್ತುವ ನೂಕಾಟ ನಮಗೆ ಹೊಸದಲ್ಲ. ರೈಲು ಕಳಿಸಲಿಕ್ಕೂ ನೂಕಾಟ ಆಗುತ್ತದೆ ಅಂತ ಅವತ್ತು ಗೊತ್ತಾಯಿತು.

ಬುಲೆಟ್ ರೈಲಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಪಾನಿನವರು 1964ರಲ್ಲೇ ಗಂಟೆಗೆ 210 ಕಿ.ಮೀ. ಓಡಿಸಿದರು. ನಾವು ಮುಂಬೈ-ಅಹಮದಾಬಾದ್ 508 ಕಿ.ಮೀ.ಗೆ 2017ರಲ್ಲಿ ಅಡಿಗಲ್ಲು ಹಾಕಿದೆವು, 2022ಕ್ಕೆ ಓಡಿಸುತ್ತೇವೆ ಅಂದೆವು. 2022 ಬಂದು ಹೋಯಿತು, ಟೈಮಿಗೆ ಸರಿಯಾಗಿ.

ಮೊದಲ ವಂದೇ ಭಾರತ್ ಹೊರಟಿದ್ದು 2019ರ ಫೆಬ್ರವರಿ 15ರಂದು, ನವದೆಹಲಿ ಸ್ಟೇಷನ್ನಿನಿಂದ, ವಾರಾಣಸಿಗೆ. ಸರಿಯಾಗಿ ಆರು ವರ್ಷಕ್ಕೆ, 2025ರ ಫೆಬ್ರವರಿ 15ರ ರಾತ್ರಿ, ಅದೇ ಸ್ಟೇಷನ್ನಿನಲ್ಲಿ ಕುಂಭಮೇಳಕ್ಕೆ ಹೊರಟವರು ಮೆಟ್ಟಿಲ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು 18 ಜನ ಸತ್ತರು. ಮಕ್ಕಳೂ ಇದ್ದರು. ಯಾರದೋ ತಲೆ ಮೇಲಿನ ದೊಡ್ಡ ಗಂಟು ಬಿದ್ದದ್ದರಿಂದ ಹಾಗಾಯಿತು ಅಂತ ಆಮೇಲೆ ಸಂಸತ್ತಿಗೆ ಉತ್ತರ ಹೋಯಿತು. ಗಂಟು. ಅಲ್ಲಿ ಎಮ್ಮೆ ಮಾಲೀಕರು, ಇಲ್ಲಿ ಗಂಟು ಹೊತ್ತವರು. ಜನರಲ್ ಬೋಗಿಯಲ್ಲಿ ಎಷ್ಟು ಸೀಟಿದೆ ಅಂತ ನೋಡದೆ ಟಿಕೆಟ್ ಕೊಡುತ್ತಲೇ ಹೋಗುತ್ತೀರಿ, ಜನ ಬಂದರೆ ಅಯ್ಯೋ ಇಷ್ಟೊಂದು ಜನ ಬಂದುಬಿಟ್ಟರು ಅನ್ನುತ್ತೀರಿ. ಇದರಲ್ಲಿ ತಮಾಷೆ ಮಾಡಲು ಏನೂ ಸಿಗುತ್ತಿಲ್ಲ ನನಗೆ. ಸಾಕಾಗಿದೆ, ನಿಜವಾಗಲೂ.

ಒಮ್ಮೆ ಜನರಲ್ ಬೋಗಿಯಲ್ಲಿ ಕೂತು, ಅಂದರೆ ನಿಂತು, ಕ್ರಾಸಿಂಗ್‌ಗೆ ಕಾದು ನೋಡಿ. ಸಣ್ಣ ಸ್ಟೇಷನ್. ನಮ್ಮ ಗಾಡಿಯನ್ನು ಲೂಪ್ ಲೈನಿಗೆ, ಅಂದರೆ ದಾರಿ ಬಿಟ್ಟು ನಿಲ್ಲುವ ಪಕ್ಕದ ಹಳಿಗೆ, ತಳ್ಳಿರುತ್ತಾರೆ. ಮೇಲೆ ಸಾಮಾನು ಇಡುವ ಹಲಗೆಯಲ್ಲಿ ನಾಲ್ವರು ಕಾಲು ಇಳಿಬಿಟ್ಟುಕೊಂಡು ಕೂತಿರುತ್ತಾರೆ, ಕೆಳಗಿನವರ ಕಿವಿಯ ಪಕ್ಕಕ್ಕೇ ಹಿಮ್ಮಡಿ. ಕಕ್ಕಸಿನ ಬಾಗಿಲಿಗೆ ಒರಗಿ ಒಬ್ಬ ಹುಡುಗ ನಿಂತಲ್ಲೇ ನಿದ್ದೆ ಮಾಡುತ್ತಿರುತ್ತಾನೆ. ಫ್ಯಾನು ತಿರುಗಲಿ ಅಂತ ಒಬ್ಬರು ಬಾಚಣಿಗೆ ತೂರಿಸಿ ರೆಕ್ಕೆ ನೂಕುತ್ತಾರೆ. ಆಗ ಪಕ್ಕದ ಹಳಿಯಲ್ಲಿ ಬರುತ್ತದೆ ನೋಡಿ, ಬೆಳ್ಳಗೆ, ನುಣ್ಣಗೆ. ಆ ಕಡೆಯ ಕಿಟಕಿ ತೆರೆಯುವುದಿಲ್ಲ, ಈ ಕಡೆಯ ಕಿಟಕಿ ಮುಚ್ಚುವುದಿಲ್ಲ. ಧೂಳೆಲ್ಲ ನಮಗೆ. ಹಲಗೆ ಮೇಲಿನವರು ಬಗ್ಗಿ ಬಗ್ಗಿ ವಿಡಿಯೋ ಮಾಡುತ್ತಾರೆ, ಹೆಮ್ಮೆಯಿಂದಲೇ.

"ಹೋಯ್ತಾ?" ಅಂತ ಕೆಳಗೆ ಕೂತ ಅಜ್ಜಿ ಕೇಳುತ್ತಾರೆ.

"ಹೋಯ್ತು ಅಜ್ಜಿ."

"ಹಂಗಾರೆ ನಮ್ದು ಬಿಡ್ತಾರಾ?"

"ಇನ್ನೂ ಇಲ್ಲ, ಹಿಂದೆ ಒಂದು ಗೂಡ್ಸ್ ಬರಬೇಕಂತೆ."